ಸೂಚಕರ ಹೆಸರು ನಾನೇ ಬರೆಯುತ್ತಿದ್ದೆ

ನಾನು ನಿವೃತ್ತನಾದ ದಿನ ಪಂಚಾಯ್ತಿ ಕಚೇರಿಯಲ್ಲಿ ಶಾಲು ಹೊದಿಸಿ, ಕೈಗೊಂದು ತೆಂಗಿನಕಾಯಿ ಕೊಟ್ಟು, ನಾಲ್ಕು ಜನ ನಾಲ್ಕು ಮಾತಾಡಿದರು. ತಾಲೂಕಿನಿಂದ ಬಂದಿದ್ದ ಸಾಹೇಬರು ಎದ್ದು ನಿಂತು, "ಇವರ ಠರಾವು ಪುಸ್ತಕ ಅಂದ್ರ ಪುಸ್ತಕ ನೋಡ್ರಿ. ಒಂದ ಅಕ್ಷರ ಹೊಡದ ಹಾಕಿಲ್ಲ, ಒಂದ ತಕರಾರ ಇಲ್ಲ. ಹೊಸಾ ಮಂದಿ ಇವರನ್ನ ನೋಡಿ ಕಲೀಬೇಕು" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಶಾಲನ್ನು ಕಿತ್ತು ಅಲ್ಲೇ ಬಿಸಾಡಿ ಎದ್ದು ಹೋಗಬೇಕೆನಿಸಿತು ನನಗೆ. ಬಿಸಾಡಲಿಲ್ಲ. ಇಡೀ ನೌಕರಿಯಲ್ಲಿ ಯಾರ ಮುಂದೂ ಏನನ್ನೂ ಬಿಸಾಡದವನು ಅವತ್ತೊಂದು ದಿನ ಎಲ್ಲಿಂದ ಬಿಸಾಡಿಯಾನು? ಮನೆಗೆ ಬಂದು, ಚಹಾ ತಣ್ಣಗಾಗಿದೆ ಎಂದು ಹೆಂಡತಿಯ ಮೇಲೆ ಹರಿಹಾಯ್ದೆ.

ಈಗ ಪಂಚಾಯ್ತಿ ಕೆಲಸಕ್ಕೆ ಸೇರುತ್ತಿರುವ ಹುಡುಗರು, ಹುಡುಗಿಯರು ಆಗಾಗ ಮನೆಗೆ ಬರುತ್ತಾರೆ. "ಸರ್, ನಿಮ್ಮ ಅನುಭವ ಹೇಳ್ರಿ" ಎನ್ನುತ್ತಾರೆ. ಅವರಿಗೆ ಬೇಕಾದದ್ದು ಯಾವ ಸಾಹೇಬನಿಗೆ ಹೇಗೆ ಸಲಾಮು ಹೊಡೆಯಬೇಕು, ತಪಾಸಣೆಗೆ ಬಂದವರಿಗೆ ಏನು ಊಟ ಹಾಕಬೇಕು ಎಂಬುದು. ಅದನ್ನೆಲ್ಲ ಹೇಳುವವರು ಬೇಕಾದಷ್ಟಿದ್ದಾರೆ. ನಾನು ಹೇಳಬೇಕಾದದ್ದು ಬೇರೆ ಇದೆ. ಹೇಳಲು ನಾಚಿಕೆ, ಹೇಳದಿದ್ದರೆ ಸಿಟ್ಟು. ಸಿಟ್ಟೇ ಗೆದ್ದಿದೆ, ಆದ್ದರಿಂದ ಬರೆಯುತ್ತಿದ್ದೇನೆ.

ಚಿಕ್ಕೋಡಿ, ರಾಯಬಾಗ, ಅಥಣಿ ಈ ಮೂರು ತಾಲೂಕುಗಳ ಹಳ್ಳಿಗಳಲ್ಲಿ ನಾನು ಸೆಕ್ರೆಟರಿಯಾಗಿದ್ದೆ. ಊರವರ ಬಾಯಲ್ಲಿ ಸೆಕ್ರೆಟ್ರಿ ಸಾಹೇಬ್ರು. ಪಂಚಾಯ್ತಿಯ ಸಭೆ ಕರೆಯುವುದು, ಸಭೆಯಲ್ಲಿ ಆದ ತೀರ್ಮಾನಗಳನ್ನು ಠರಾವು ಪುಸ್ತಕದಲ್ಲಿ ಬರೆಯುವುದು ನನ್ನ ಮುಖ್ಯ ಕೆಲಸ. ಪುಟದ ಮೇಲ್ಭಾಗದಲ್ಲಿ ಬಂದವರ ಸಹಿ ಅಥವಾ ಹೆಬ್ಬೆಟ್ಟು. ಕೆಳಗೆ ಠರಾವು. ಪ್ರತಿ ಠರಾವಿನ ಕೊನೆಗೆ ಎರಡು ಹೆಸರು: ಮಾತನ್ನು ಮುಂದಿಟ್ಟವರು ಸೂಚಕರು, ಹೌದೆಂದವರು ಅನುಮೋದಕರು. ಕಾನೂನು ಓದಿದರೆ ಎಷ್ಟು ಚೆಂದ! ಒಬ್ಬ ಮನುಷ್ಯ ಎದ್ದು ನಿಂತು ಊರಿಗಾಗಿ ಮಾತಾಡಿದ, ಇನ್ನೊಬ್ಬ ಅದಕ್ಕೆ ಕೈ ಜೋಡಿಸಿದ, ಉಳಿದವರು ಯೋಚಿಸಿ ಒಪ್ಪಿದರು.

ಎಲ್ಲಿಯ ಎದ್ದು ನಿಲ್ಲುವುದು, ಎಲ್ಲಿಯ ಯೋಚಿಸುವುದು!

ಎಂಬತ್ತೇಳರಲ್ಲಿ ಮಂಡಲ ಪಂಚಾಯ್ತಿಗಳು ಬಂದಾಗ ರಾಯಬಾಗ ತಾಲೂಕಿನಲ್ಲಿ ಶಂಕರರಾವ್ ಎಂಬ ಹಿರಿಯ ಸೆಕ್ರೆಟರಿಯ ಕೈಕೆಳಗೆ ನನ್ನನ್ನು ಹಾಕಿದ್ದರು. ಮನುಷ್ಯ ಒಳ್ಳೆಯವನು, ಅಕ್ಷರ ಮುತ್ತಿನ ಹಾಗೆ. ಮೊದಲ ದಿನವೇ ನನಗೆ ಪಾಠ ಹೇಳಿದ: "ಸಭಾ ನಡಸೂದು ಭಾಳ ಸುಲಭ ಐತಿ ತಮ್ಮಾ. ಮೊದಲ ಸಹಿ, ಆಮ್ಯಾಲ ವಿಷಯ, ಹೊತ್ತ ಉಳದ್ರ ಚರ್ಚಾ." ಹೊತ್ತು ಯಾವತ್ತೂ ಉಳಿಯುತ್ತಿರಲಿಲ್ಲ. ಎಷ್ಟೋ ತಿಂಗಳು ಸಭೆಯೇ ಇರುತ್ತಿರಲಿಲ್ಲ. ಪುಸ್ತಕವನ್ನು ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿಕೊಂಡು ಮನೆಮನೆಗೆ ಹೋಗಿ ಸಹಿ ತರುವುದು, ಆಮೇಲೆ ಕಚೇರಿಯಲ್ಲಿ ಕೂತು ಕೆಳಗಿನ ಖಾಲಿ ಜಾಗ ತುಂಬುವುದು. ಹೆಣ್ಣು ಸದಸ್ಯರಿದ್ದ ಮನೆಯಲ್ಲಿ ಗಂಡನೇ ಹೊರಗೆ ಬಂದು ಹೆಂಡತಿಯ ಸಹಿ ಹಾಕಿಕೊಡುತ್ತಿದ್ದ. ಸೂಚಕರು ಯಾರು, ಅನುಮೋದಕರು ಯಾರು ಎಂಬುದಕ್ಕೆ ಶಂಕರರಾವ್ ಒಂದು ಪಟ್ಟಿ ಇಟ್ಟಿದ್ದ. ಪಾಳಿ ಪ್ರಕಾರ ಹೆಸರು ಹಾಕುತ್ತ ಹೋಗುವುದು. ಯಾರಿಗೂ ಬೇಜಾರಾಗಬಾರದಲ್ಲ!

ಆ ಪಾಳಿಯಲ್ಲೇ ನಾನು ಎಡವಿದೆ. ರಾಮಗೌಡ ಎಂಬ ವಯಸ್ಸಾದ ಸದಸ್ಯ ತೀರಿಕೊಂಡ. ಮುಂದಿನ ತಿಂಗಳು ಪದ್ಧತಿಯಂತೆ ಶ್ರದ್ಧಾಂಜಲಿಯ ಠರಾವು ಬರೆದೆ. ಊರಿಗೆ ತುಂಬಲಾರದ ನಷ್ಟ ಎಂದೆಲ್ಲ ಬರೆದು, ಪಟ್ಟಿ ನೋಡಿ ಅನುಮೋದಕರ ಹೆಸರು ಹಾಕಿದೆ: ರಾಮಗೌಡ. ತನ್ನ ಸಾವಿಗೆ ತಾನೇ ಅನುಮೋದನೆ ಕೊಟ್ಟ ಪುಣ್ಯಾತ್ಮ! ತಪಾಸಣೆಗೆ ಬಂದ ಬಿಡಿಓ ಸಾಹೇಬರು ಅದನ್ನು ಓದಿ ನಕ್ಕ ರಭಸಕ್ಕೆ ಕುಡಿಯುತ್ತಿದ್ದ ಚಹಾ ಮೂಗಿಗೆ ಹತ್ತಿತು. ಕಣ್ಣು ಒರೆಸಿಕೊಂಡು, "ಏನ್ರೀ ಮಾರಾಯ್ರ, ಇನ್ನ ಮ್ಯಾಲೆ ಸತ್ತಾವ್ರ ಯಾರು, ಇದ್ದಾವ್ರ ಯಾರು ಜರಾ ನೋಡ್ಕೊಂಡ ಬರೀರಿ" ಎಂದರು. ನಾನೂ ನಕ್ಕೆ. ಎಷ್ಟೋ ವರ್ಷ ಈ ಕಥೆ ಹೇಳಿ ಮದುವೆಯ ಪಂಕ್ತಿಗಳಲ್ಲಿ ಜನರನ್ನು ನಗಿಸಿದ್ದೇನೆ. ಈಗ ನಗು ಬರುವುದಿಲ್ಲ. ಸಭೆಗೆ ಬಾರದವರ ಹೆಸರು ಬರೆಯಬೇಡಿ ಎಂದು ಆ ಸಾಹೇಬರು ಹೇಳಲಿಲ್ಲ ನೋಡಿ. ಸತ್ತವರದು ಬರೆಯಬೇಡಿ ಎಂದರು, ಅಷ್ಟೇ. ಜೀವ ಇದ್ದವರ ಬಾಯಲ್ಲಿ ಏನು ಬೇಕಾದರೂ ತುರುಕಬಹುದು ಎಂದು ನಾನು ಅರ್ಥ ಮಾಡಿಕೊಂಡೆ. ಅದನ್ನೇ ಮಾಡಿದೆ.

ತೊಂಬತ್ತಮೂರರಲ್ಲಿ ಹೊಸ ಕಾನೂನು ಬಂದು ಗ್ರಾಮ ಪಂಚಾಯ್ತಿಗಳಾದವು. ಆಗ ನನ್ನನ್ನು ಅಥಣಿ ಕಡೆಯ ಒಂದು ಊರಿಗೆ ಹಾಕಿದರು. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಬದುಕಿರುವವರಿಗೆ ತೊಂದರೆ. ಎಲ್ಲಿ ನೋಡಿದರೂ ದ್ರಾಕ್ಷಿ ತೋಟ. ಪಂಚಾಯ್ತಿಯ ಅಧ್ಯಕ್ಷರು ಅಪ್ಪಾಸಾಹೇಬರು. ಅವರ ಮಾತು ಬೆಣ್ಣೆ, ಊರಿನಲ್ಲಿ ಯಾರಿಗಾದರೂ ಹಾವು ಕಚ್ಚಿದರೆ ಅವರದೇ ಜೀಪು. ಕೆಟ್ಟವರೆಂದರೆ ಯಾರೂ ನಂಬುತ್ತಿರಲಿಲ್ಲ, ನಾನೂ ನಂಬುತ್ತಿರಲಿಲ್ಲ.

ಮೀಸಲಾತಿಯಿಂದ ಆರಿಸಿ ಬಂದ ಸದಸ್ಯರಲ್ಲಿ ತಾನಾಬಾಯಿ ಒಬ್ಬಳು. ಊರ ಹೊರಗಿನ ಬೌದ್ಧರ ಓಣಿಯವಳು, ವಿಧವೆ, ಅಪ್ಪಾಸಾಹೇಬರ ತೋಟದಲ್ಲೇ ಕೂಲಿ. ಉಳಿದ ಹೆಣ್ಣು ಸದಸ್ಯರ ಬದಲಿಗೆ ಗಂಡಂದಿರು ಬಂದು ಕುರ್ಚಿಯ ಮೇಲೆ ಕೂತರು. ಈಕೆಗೆ ಗಂಡನಿಲ್ಲ, ಆದ್ದರಿಂದ ತಾನೇ ಬಂದಳು. ಬಂದು ಬಾಗಿಲ ಬಳಿ ನಿಂತಳು. ನಾನು ನೆಲದ ಚಾಪೆ ತೋರಿಸಿ, "ಕುಂಡ್ರ ತಾನವ್ವಾ" ಎಂದೆ. ಅಪ್ಪಾಸಾಹೇಬರಿಗೆ 'ಬರ್ರಿ, ಕೂಡ್ರಿ', ಈಕೆಗೆ 'ಕುಂಡ್ರ'. ನಾಲಿಗೆಗೆ ಯಾರೂ ಕಲಿಸಬೇಕಾಗಿರಲಿಲ್ಲ, ತಾನಾಗಿಯೇ ಹಾಗೆ ಹೊರಳುತ್ತಿತ್ತು.

ಆಕೆ ಚಾಪೆ ನೋಡಿದಳು, ಕುರ್ಚಿಗಳನ್ನು ನೋಡಿದಳು. "ಜೈಭೀಮ್ ಸಾಹೇಬ್ರ. ಕುರ್ಚೇವು ಕಡಿಮಿ ಬಿದ್ದಾವೇನ್ರಿ? ಬಿದ್ದಿದ್ರ ಹೇಳ್ರಿ, ಮುಂದಿನ ಸಭಾಕ ಮನಿಯಿಂದ ಹೊರಸ ತರ್ತೀನಿ" ಎಂದಳು. ಅಪ್ಪಾಸಾಹೇಬರೇ ನಕ್ಕು, "ಕೊಡ್ರಿ ಸೆಕ್ರೆಟ್ರಿ, ಆಕಿಗೂ ಒಂದ ಕುರ್ಚಿ ಕೊಡ್ರಿ" ಎಂದರು. ಕೊಟ್ಟೆ. ಕೊಟ್ಟಿದ್ದೇ ದೊಡ್ಡ ಕ್ರಾಂತಿ ಎಂದು ಬೀಗಿದೆ.

ಆಕೆಯ ಓಣಿಗೆ ನೀರಿರಲಿಲ್ಲ. ಒಂದು ತೋಟದ ಬಾವಿಗೆ ಹೋಗಬೇಕು. ತಾವೇ ಕೊಡ ಇಳಿಸುವಂತಿಲ್ಲ, ಯಾರಾದರೂ ಸೇದಿ ಮೇಲಿನಿಂದ ಸುರಿಯುವ ತನಕ ನಿಲ್ಲಬೇಕು. ಮಾಲೀಕನ ಮನಸ್ಸು ಚಲೋ ಇದ್ದರೆ ನೀರು, ಇಲ್ಲದಿದ್ದರೆ ಬೈಗುಳ. ಮೂರನೆಯ ಸಭೆಯಲ್ಲಿ ತಾನಾಬಾಯಿ ಎದ್ದು ನಿಂತಳು. ನನ್ನ ಇಡೀ ನೌಕರಿಯಲ್ಲಿ ಒಬ್ಬ ಸದಸ್ಯೆ ನಿಜವಾಗಿ ಎದ್ದು ನಿಂತು ಸೂಚಿಸಿದ್ದನ್ನು ಮೊದಲು ಕಂಡದ್ದು ಅವತ್ತು. "ನಮ್ಮ ಓಣ್ಯಾಗ ಒಂದ ಬೋರ್ ಹೊಡಸ್ರಿ. ಬ್ಯಾರೇ ಏನೂ ಕೇಳೂದಿಲ್ಲ. ಐದ ವರ್ಷ ನೀವು ಹೇಳಿದ್ದಕ್ಕ ಹೂಂ ಅಂತೀನಿ." ಯಾರೂ ಬೇಡ ಎನ್ನಲಿಲ್ಲ. ಠರಾವಾಯಿತು, ಮೇಲೆ ಹೋಯಿತು, ಮಂಜೂರೂ ಆಯಿತು. ಓಣಿಯ ಹೆಂಗಸರು ವಿಧವೆ ಎಂಬುದನ್ನೂ ನೋಡದೆ ಆಕೆಗೆ ಉಡಿ ತುಂಬಿದರಂತೆ.

ಅಷ್ಟರಲ್ಲಿ ಸದಸ್ಯರಿಗೆಲ್ಲ ಚಿಕ್ಕೋಡಿಯಲ್ಲಿ ತರಬೇತಿ ಇಟ್ಟರು. ದೊಡ್ಡ ಊರಿನ ಕಾಲೇಜಿನಿಂದ ರಾಜ್ಯಶಾಸ್ತ್ರದ ಪ್ರೊಫೆಸರರೊಬ್ಬರು ಬಂದಿದ್ದರು. ಗ್ರೀಕರಿಂದ ಹಿಡಿದು ನಮ್ಮ ಸಂವಿಧಾನದವರೆಗೆ ಎರಡು ತಾಸು ಮಾತಾಡಿದರು. ಪ್ರಭುತ್ವದ ಅಧಿಕಾರ ಎಲ್ಲಿಂದ ಬರುತ್ತದೆ? ದೇವರಿಂದಲ್ಲ, ಲಾಠಿಯಿಂದಲ್ಲ, ಪ್ರಜೆಗಳ ಸಮ್ಮತಿಯಿಂದ ಎಂದರು. ಮಾತು ಬಂಗಾರದಂಥದ್ದು. ಆದರೆ ಮುಂದೆ ಕೂತವರಲ್ಲಿ ಅರ್ಧ ಜನ ನಿದ್ದೆ, ಇನ್ನರ್ಧ ಊಟದಲ್ಲಿ ಶಿರಾ ಇದೆಯೋ ಇಲ್ಲವೋ ಎಂಬ ಚಿಂತೆ. ತಾನಾಬಾಯಿ ಒಬ್ಬಳೇ ಕಿವಿ ನೆಟ್ಟಗೆ ಮಾಡಿ ಕೇಳಿದಳು. ವಾಪಸು ಬರುವಾಗ ಬಸ್ಸಿನಲ್ಲಿ ಹಿಂದಿನ ಸೀಟಿನಿಂದ ಬಗ್ಗಿ ನನ್ನನ್ನು ಕೇಳಿದಳು:

"ಸಾಹೇಬ್ರ, ಸಮ್ಮತಿ ಅಂದ್ರ ಏನ್ರಿ?"

"ನೀ ಪುಸ್ತಕದಾಗ ಹೆಬ್ಬಟ್ಟ ಒತ್ತತೀಯಲ್ಲ, ಅದ ಸಮ್ಮತಿ."

"ಅಷ್ಟನ?"

"ಅಷ್ಟ."

"ಆ ಮಾಸ್ತರ ಎರಡ ತಾಸ ಮಾತಾಡಿದ್ರು. ಇನ್ನೂ ಏನರೆ ಇರಬೇಕ್ರಿ ಅದರಾಗ" ಎಂದಳು. ಆಕೆಯ ಮಾತಿಗೆ ನಾನು ನಕ್ಕುಬಿಟ್ಟೆ. ಅವತ್ತಿನ ನನ್ನ ಕೆನ್ನೆಗೆ ಇವತ್ತು ಬಾರಿಸಬೇಕೆನಿಸುತ್ತದೆ.

ಚಳಿಗಾಲದಲ್ಲಿ ಅಪ್ಪಾಸಾಹೇಬರು ಮನೆಗೆ ಕರೆಸಿದರು. ಜೋಳದ ರೊಟ್ಟಿ, ಝುಣಕ, ಮೇಲೆ ಮೊಸರು. ಊಟ ಮುಗಿದ ಮೇಲೆ ಹೇಳಿದರು: "ಬ್ಯಾಸಗಿ ಬರಾಕತ್ತೈತಿ ಸೆಕ್ರೆಟ್ರಿ. ದ್ರಾಕ್ಷಿ ಒಣಗಿದ್ರ ನಾ ಹಾಳಾಗ್ತೀನಿ. ಆ ಬೋರ್ ನಮ್ಮ ತೋಟದ ದಾರೀಗೆ ಬರ್ಲಿ. ಓಣಿಗೆ ಮುಂದಿನ ವರ್ಷ ಹಾಕೂಣಂತ."

"ಓಣಿಯವರು ಸುಮ್ಮನಿರೂದಿಲ್ರಿ," ಎಂದೆ.

"ಅದಕ್ಕ ನಿಮ್ಮನ್ನ ಕರದೀನಲ್ರಿ."

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಮುಂದೆ ಆದದ್ದರ ಉಪಾಯ ಅಪ್ಪಾಸಾಹೇಬರದಲ್ಲ, ನನ್ನದು. ಸೂಚಕರ ಜಾಗದಲ್ಲಿ ತಾನಾಬಾಯಿಯ ಹೆಸರನ್ನೇ ಹಾಕಿದರೆ ಮೇಲಿನವರೂ ಕೇಳುವುದಿಲ್ಲ, ಓಣಿಯವರೂ ಬಾಯಿ ಬಿಡುವಂತಿಲ್ಲ ಎಂದು ನನಗೆ ಹೊಳೆಯಿತು. ಹೊಳೆದದ್ದಕ್ಕೆ ಹೆಮ್ಮೆಯೂ ಆಯಿತು. ಬೇಲಿಯೇ ಎದ್ದು ಹೊಲ ಮೇಯಿತು ಎನ್ನುತ್ತಾರಲ್ಲ, ಆ ಬೇಲಿ ನಾನು.

ಮರುದಿನ ಪುಸ್ತಕ ಹಿಡಿದು ತೋಟಕ್ಕೆ ಹೋದೆ. ತಾನಾಬಾಯಿ ಔಷಧದ ನೀರಿನಲ್ಲಿ ದ್ರಾಕ್ಷಿಯ ಗೊಂಚಲು ಅದ್ದುತ್ತಿದ್ದಳು. ಸೀರೆಗೆ ಕೈ ಒರೆಸಿಕೊಂಡು ಬಂದಳು.

"ಸಭಾ ಯಾವಾಗ ಆತ್ರಿ?"

"ನೀ ಕೆಲಸದಾಗ ಇದ್ದಿ ಅಂತ ಕರೀಲಿಲ್ಲ. ಏನಿಲ್ಲ, ಬರೇ ಹಾಜರಿ."

ಖಾಲಿ ಪುಟದ ಮೇಲ್ಭಾಗದಲ್ಲಿ ಆಕೆ ಹೆಬ್ಬೆಟ್ಟು ಒತ್ತಿದಳು. ನನ್ನನ್ನು ನಂಬಿದ್ದಳು, ಕುರ್ಚಿ ಕೊಟ್ಟವನಲ್ಲವೇ ನಾನು. ಕಚೇರಿಗೆ ಬಂದು ಕೆಳಗೆ ಬರೆದೆ: 'ಸದಸ್ಯೆ ಶ್ರೀಮತಿ ತಾನಾಬಾಯಿ ಇವರು ಮಾತನಾಡಿ, ತಮ್ಮ ಓಣಿಯಲ್ಲಿ ಕೊಳವೆಬಾವಿಗೆ ಯೋಗ್ಯ ಸ್ಥಳ ಇರುವುದಿಲ್ಲವೆಂದೂ, ಸದರಿ ಕೊಳವೆಬಾವಿಯನ್ನು ತೋಟದ ರಸ್ತೆಗೆ ಬದಲಾಯಿಸಬೇಕೆಂದೂ ಸೂಚಿಸಿದರು. ಸಭೆಯು ಸರ್ವಾನುಮತದಿಂದ ಒಪ್ಪಿತು.' ಅಕ್ಷರ ಮುತ್ತಿನ ಹಾಗೆ ಬಂತು.

ಬೋರಿನ ಗಾಡಿ ಬಂದ ದಿನ ಓಣಿಯ ಮಕ್ಕಳು, ಹೆಂಗಸರು ಅದರ ಹಿಂದೆ ಓಡಿದರು. ಗಾಡಿ ಓಣಿಯ ಕಡೆ ತಿರುಗದೆ ತೋಟದ ಕಡೆ ತಿರುಗಿತು. ಗಲಾಟೆಯಾಯಿತು. ಅಪ್ಪಾಸಾಹೇಬರು ಕೂಗಾಡಲಿಲ್ಲ. ಠರಾವಿನ ಪ್ರತಿ ತೆಗೆದು, ಓದಲು ಬರುವ ಒಬ್ಬನ ಕೈಗೆ ಕೊಟ್ಟು, "ನಿಮ್ಮ ತಾನಾಬಾಯಿನ ಸೂಚಿಸ್ಯಾಳ. ನನ್ನೇನ ಕೇಳ್ತೀರಿ? ಆಕೀನ್ನ ಕೇಳ್ರಿ" ಎಂದರು. ಜನ ತೋಟ ಬಿಟ್ಟು ಆಕೆಯ ಮನೆಗೆ ಹೋದರು. ತಾನಾಬಾಯಿಯ ನಾದಿನಿ ಗಂಗೂಬಾಯಿ, ಒಂದೇ ಅಂಗಳದಲ್ಲಿ ಬಾಳುತ್ತಿದ್ದವಳು, ಎಲ್ಲರ ಮುಂದೆ ಕೇಳಿದಳಂತೆ: "ನೀರಿಗೆ ಎಷ್ಟ ತಗೊಂಡಿ ವೈನಿ?" ಅವತ್ತಿನಿಂದ ಆ ಅಂಗಳದಲ್ಲಿ ಇಬ್ಬರ ನಡುವೆ ಮಾತು ನಿಂತಿತು. ಬೋರಿಗೆ ಕೂಡಿಸಿದ್ದ ಕೈಪಂಪು ಕೆಲವೇ ತಿಂಗಳಿಗೆ ಕಿತ್ತು ಹೋಗಿ, ಅದೇ ಬೋರಿನೊಳಗೆ ತೋಟದ ಮೋಟಾರು ಇಳಿಯಿತು.

ತಾನಾಬಾಯಿ ಕಚೇರಿಗೆ ಬಂದು ಅತ್ತು ಕರೆದು ಮಾಡುತ್ತಾಳೆ ಎಂದುಕೊಂಡಿದ್ದೆ. ಬರಲಿಲ್ಲ. ಗ್ರಾಮಸಭೆಗೆ ಬಂದಳು. ಶಾಲೆಯ ಅಂಗಳದಲ್ಲಿ ಇಡೀ ಊರು ಸೇರಿತ್ತು, ಒಂದು ಬದಿಗೆ ಓಣಿಯವರು. ಆಕೆ ಎದ್ದು ನೇರ ನನ್ನ ಮೇಜಿನ ಮುಂದೆ ನಿಂತಳು.

"ಸಾಹೇಬ್ರ, ಆ ಠರಾವು ಓದ್ರಿ. ನಾ ಏನಂದೀನಿ ಅನ್ನೂದು ನನಗೂ ಗೊತ್ತಾಗ್ಲಿ."

ಓದಿದೆ. ಓಣಿಯವರ ಕಡೆಯಿಂದ ಯಾರೋ ಥೂ ಎಂದು ಉಗುಳಿದರು. ಉಗುಳಿದ್ದು ನನಗಲ್ಲ, ಆಕೆಗೆ.

"ಈ ಮಾತ ನಾ ಯಾವತ್ತ ಅಂದೆ? ಎಲ್ಲಿ ನಿಂತ ಅಂದೆ? ನೀವ ಬರದವರು, ನೀವ ಹೇಳ್ರಿ. ಖರೇ ಹೇಳ್ರಿ."

ಒಂದೇ ವಾಕ್ಯ ಸಾಕಿತ್ತು. ಈಕೆ ಹೇಳಿಲ್ಲ, ನಾನು ಬರೆದೆ. ಅಷ್ಟು ಹೇಳಿದ್ದರೆ ಆಕೆಯ ಹೆಸರು ಉಳಿಯುತ್ತಿತ್ತು. ನನ್ನ ನೌಕರಿ ಹೋಗುತ್ತಿತ್ತೇನೋ, ಇಲ್ಲ ಅಮಾನತು ಆಗುತ್ತಿತ್ತು. ತಂಗಿಯ ಮದುವೆ ಗೊತ್ತಾಗಿತ್ತು ಎಂದು ಎಷ್ಟೋ ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸುಳ್ಳು. ಮದುವೆ ಇಲ್ಲದಿದ್ದರೂ ನಾನು ಹೇಳುತ್ತಿರಲಿಲ್ಲ. ಅಪ್ಪಾಸಾಹೇಬರು ನನ್ನನ್ನೇ ನೋಡುತ್ತಿದ್ದರು. ನಾನು ಪುಸ್ತಕದ ಮೇಲಿಂದ ಕಣ್ಣೆತ್ತದೆ, "ಸಭಾದಾಗ ಆದಂಗ ಬರೆದೈತಿ. ಹೆಬ್ಬಟ್ಟ ನಿಂದ ಐತಿ ನೋಡು" ಎಂದೆ.

"ಹೂಂ," ಎಂದಳು ತಾನಾಬಾಯಿ. ಹೋಗಿ ತನ್ನ ಓಣಿಯವರ ನಡುವೆ ಕೂತಳು. ಆಕೆಯ ಎಡಬಲದಲ್ಲಿದ್ದವರು ಸರಿದು ಕೂತರು.

ಆ ವರ್ಷದ ತಪಾಸಣೆಯಲ್ಲಿ ನನ್ನ ಪುಸ್ತಕಕ್ಕೆ 'ಉತ್ತಮ' ಎಂಬ ಷರಾ ಬಿತ್ತು.

ಆಕೆ ರಾಜೀನಾಮೆ ಕೊಡಲಿಲ್ಲ. ಅಪ್ಪಾಸಾಹೇಬರ ತೋಟ ಬಿಟ್ಟು ಬೇರೆ ಕಡೆ ಕೂಲಿಗೆ ಹೋದಳು, ಆದರೆ ಒಂದು ಸಭೆಯನ್ನೂ ಬಿಡಲಿಲ್ಲ. ಪುಸ್ತಕ ಮುಂದಿಟ್ಟರೆ "ಮೊದಲ ಬರೀರಿ, ಆಮ್ಯಾಲ ಓದ್ರಿ, ಆಮ್ಯಾಲ ಹೆಬ್ಬಟ್ಟ" ಎನ್ನುತ್ತಿದ್ದಳು. ನಾನು ಸಿಡಿಮಿಡಿ ಮಾಡುತ್ತಿದ್ದೆ. ಅವಳನ್ನು ನೋಡಿ ಇನ್ನಿಬ್ಬರು ಹೆಣ್ಣು ಸದಸ್ಯರು ಗಂಡಂದಿರನ್ನು ಮನೆಯಲ್ಲಿ ಬಿಟ್ಟು ತಾವೇ ಬರತೊಡಗಿದರು. ಶಂಕರರಾವ್ ಕಲಿಸಿದ್ದ ಪದ್ಧತಿಯನ್ನು ತಿರುಗಾಮುರುಗಾ ಮಾಡಿದ್ದು ಯಾವ ಸರಕಾರದ ಸುತ್ತೋಲೆಯೂ ಅಲ್ಲ, ಸಹಿ ಮಾಡಲೂ ಬಾರದ ಈ ಹೆಣ್ಣುಮಗಳು. ಎರಡು ತಾಸು ಭಾಷಣ ಮಾಡಿದ ಪ್ರೊಫೆಸರರು ಹೇಳಿದ್ದು ಏನೆಂದು ನನಗೆ ತಿಳಿದದ್ದು ಆಗ. ತಿಳಿದೂ ಬಾಯಿ ಬಿಡಲಿಲ್ಲ ನಾನು. ತಿಳಿಯದೆ ಮಾಡಿದ್ದಕ್ಕಿಂತ ಇದು ಕೆಟ್ಟದ್ದು. ಮುಂದಿನ ಚುನಾವಣೆಯಲ್ಲಿ ಓಣಿಯವರೇ ಆಕೆಯನ್ನು ಸೋಲಿಸಿದರು.

ಶಾಲು ಹೊದಿಸಿಕೊಂಡ ಮುಂದಿನ ವಾರ ಆ ಊರಿಗೆ ಹೋದೆ. ತಾನಾಬಾಯಿ ಅಂಗಳದಲ್ಲಿ ಕಾಳು ಹಸನು ಮಾಡುತ್ತಿದ್ದಳು. ನನ್ನನ್ನು ನೋಡಿ ಎದ್ದಳು. ನಾನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋಗಿದ್ದೆಲ್ಲ ಮರೆತುಹೋಯಿತು.

"ತಾನಾಬಾಯಿಯವರ, ಆ ಠರಾವು ನಾ ಬರದದ್ದು. ನೀವು ಹೇಳಿದ್ದಲ್ಲ. ನಂದ ತಪ್ಪಾಗೈತ್ರಿ."

ಆಕೆ ಮೊರವನ್ನು ಕೆಳಗಿಟ್ಟಳು. "ನನಗ ಎದಕ್ಕ ಹೇಳ್ತೀರಿ? ನನಗ ಗೊತ್ತಿಲ್ಲೇನ ಅದು? ಓಣ್ಯಾಗ ಹೇಳ್ರಿ."

ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ನಡೆದಳು. ನಾನು ಹಿಂದೆ. ಸಮಾಜ ಮಂದಿರದ ಕಟ್ಟೆಯ ಬಳಿ ನಿಂತು ಒಂದೊಂದು ಮನೆಯವರನ್ನೂ ಹೆಸರು ಹಿಡಿದು ಕೂಗಿದಳು. ಕೆಲಸದಿಂದ ಬಂದ ಗಂಡಸರು, ಮಕ್ಕಳನ್ನು ಕಂಕುಳಲ್ಲಿ ಹೊತ್ತ ಹೆಂಗಸರು ಸೇರಿದರು. ಗಂಗೂಬಾಯಿಯೂ ಬಂದು ಕಂಬಕ್ಕೆ ಒರಗಿ ನಿಂತಳು. ಗ್ರಾಮಸಭೆಯಲ್ಲಿ ಹೇಳಬೇಕಿದ್ದ ಆ ಒಂದು ವಾಕ್ಯವನ್ನು ಹೇಳಿದೆ. ಆಮೇಲೆ ಉಳಿದದ್ದನ್ನೂ ಹೇಳಿದೆ: ಅವತ್ತು ಸಭೆಯೇ ಆಗಿರಲಿಲ್ಲ, ಹೆಬ್ಬೆಟ್ಟನ್ನು ಖಾಲಿ ಪುಟದ ಮೇಲೆ ಒತ್ತಿಸಿಕೊಂಡೆ, ಆಕೆಯ ಹೆಸರು ಹಾಕುವ ಉಪಾಯ ನನ್ನದೇ.

ಬೈಯುತ್ತಾರೆ, ಹೊಡೆದರೂ ಹೊಡೆಯಲಿ ಎಂದು ಕಾದೆ. ಯಾರೂ ನನ್ನ ಕಡೆ ನೋಡಲಿಲ್ಲ. ಎಲ್ಲರೂ ತಾನಾಬಾಯಿಯನ್ನು ನೋಡುತ್ತಿದ್ದರು. ಗಂಗೂಬಾಯಿ ಕಂಬ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದಳು.

"ವೈನಿ, ಮತ್ತ ನೀ ಅವತ್ತ ಯಾಕ ಹೇಳ್ಲಿಲ್ಲ?"

"ಹೇಳಿದ್ನಲ್ಲ ಗಂಗೂ," ಎಂದಳು ತಾನಾಬಾಯಿ. "ಮನಿ ಮನಿಗೆ ಬಂದ ಹೇಳಿದ್ನಿ. ನೀವು ಪುಸ್ತಕ ನಂಬಿದ್ರಿ."